ಅಣ್ಣನ ಗಾಡಿಯ ಹೊಗೆ

ಮಸಿಯಣ್ಣನನ್ನು ನಾನು ಮೊದಲು ಕಂಡ ದಿನ ಅವನು ನನ್ನ ಮುಖವನ್ನು ಸರಿಯಾಗಿ ನೋಡಲೇ ಇಲ್ಲ. ಪಕ್ಕದ ಬೀದಿಯ ಮೇಷ್ಟ್ರು ಎಂದು ನಾನು ಹೇಳಿಕೊಳ್ಳುತ್ತಿರುವಾಗಲೇ ನನ್ನ ಹಳೆಯ ಕಾರಿನ ಹಿಂಬದಿಗೆ ಹೋಗಿ ಕುಕ್ಕರುಗಾಲಿನಲ್ಲಿ ಕುಳಿತು, ಸೈಲೆನ್ಸರಿನ ಬಾಯೊಳಗೆ ತೋರುಬೆರಳು ತೂರಿಸಿ, ಒಂದು ಸುತ್ತು ತಿರುಗಿಸಿ ಹೊರಗೆ ತೆಗೆದ. ಬೆರಳಿಗೆ ಹತ್ತಿದ ಮಸಿಯನ್ನು ಹೆಬ್ಬೆರಳಿನಿಂದ ಉಜ್ಜಿದ, ಮೂಸಿದ, ಬಿಸಿಲಿಗೆ ಹಿಡಿದು ನೋಡಿದ. ಆಮೇಲೆ ಕೈ ಚಾಚಿ, "ಕರ್ಚೀಫ್ ಇದ್ರೆ ಕೊಡಿ" ಎಂದ.

ಕೈ ಒರೆಸಿಕೊಳ್ಳುವುದಕ್ಕೆ ಕೇಳುತ್ತಿದ್ದಾನೆಂದು ತಿಳಿದು ಕೊಟ್ಟೆ. ಅವನು ಅದನ್ನು ಮಡಿಸಿ ಸೈಲೆನ್ಸರಿಗೆ ಅಡ್ಡಲಾಗಿ ಹಿಡಿದು, "ಸ್ಟಾರ್ಟ್ ಮಾಡಿ, ಸ್ವಲ್ಪ ಒತ್ತಿ" ಎಂದ. ಒತ್ತಿದೆ. ಅಂದು ಬೆಳಿಗ್ಗೆ ತಾನೇ ಹೆಂಡತಿ ಇಸ್ತ್ರಿ ಮಾಡಿ ಕೊಟ್ಟಿದ್ದ ಬಿಳಿಯ ಕರ್ಚೀಫಿನ ಮೇಲೆ ಕರಿಯ ಚುಕ್ಕೆಗಳು ಬಿದ್ದವು. ಒಂದೊಂದು ಚುಕ್ಕೆಯ ಸುತ್ತಲೂ ಎಣ್ಣೆಯ ಕಂದು ಬಳೆ.

"ಒಣ ಮಸಿಯಾಗಿದ್ರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ ಅಂತಿದ್ದೆ. ಇದು ಜಿಡ್ಡು. ಆಯಿಲ್ ಉರೀತಿದೆ. ಹೊಗೆ ಯಾವಾಗ ಬರುತ್ತೆ ಮೇಷ್ಟ್ರೇ? ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ್ಲಾ, ಏರು ಹತ್ತುವಾಗ್ಲಾ, ಇಳಿಜಾರಲ್ಲಿ ಕಾಲು ತೆಗೆದಾಗ್ಲಾ?"

"ನಾನು ಮುಂದೆ ನೋಡ್ಕೊಂಡು ಓಡಿಸ್ತೀನಪ್ಪ. ಹಿಂದೆ ಏನು ಬರುತ್ತೋ ನನಗೆ ಹೇಗೆ ಗೊತ್ತಾಗ್ಬೇಕು?"

"ಮೇಷ್ಟ್ರು ಅಂತೀರಿ. ಹಿಂದಿನ ಬೆಂಚಲ್ಲಿ ಏನು ನಡೀತಿದೆ ಅಂತ ಒಂದು ಕಣ್ಣು ಇಟ್ಟಿರ್ಬೇಡ್ವಾ?"

ಆಗ ಮೊದಲ ಬಾರಿಗೆ ನನ್ನ ಮುಖ ನೋಡಿ ನಕ್ಕ. ಹಲ್ಲು ಮಾತ್ರ ಬೆಳ್ಳಗೆ ಕಂಡಿತು. ಆ ಬೀದಿಯವರೆಲ್ಲ ಅವನನ್ನು ಮಸಿಯಣ್ಣ ಎಂದು ಏಕೆ ಕರೆಯುತ್ತಾರೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಂದು ಅವನು ಗಾಡಿ ಓಡಿಸಿದ. ನಾನು ಹಿಂದಿನ ಸೀಟಿನ ಮೇಲೆ ಚಿಕ್ಕ ಮಕ್ಕಳಂತೆ ಮಂಡಿಯೂರಿ, ಹಿಂದಿನ ಗಾಜಿನಿಂದ ಹೊಗೆ ನೋಡುತ್ತಾ ಕುಳಿತೆ. ಹಿಂದೆ ಬರುತ್ತಿದ್ದ ಬಸ್ಸಿನ ಚಾಲಕ ನನ್ನನ್ನು ಕಂಡು ಏನೆಂದುಕೊಂಡನೋ. ಏರಿನಲ್ಲಿ ಹೊಗೆಯಿಲ್ಲ, ಇಳಿಜಾರಿನಲ್ಲಿ ಕಾಲು ತೆಗೆದಾಗ ನೀಲಿಯ ಒಂದು ಎಳೆ. ಅಷ್ಟಕ್ಕೇ ಅವನು ತೀರ್ಮಾನಕ್ಕೆ ಬರಲಿಲ್ಲ. ಶೆಡ್ಡಿಗೆ ಬಂದು ಪ್ಲಗ್ಗುಗಳನ್ನು ಬಿಚ್ಚಿ, ಆ ತೂತುಗಳಿಗೆ ಒತ್ತಡ ಅಳೆಯುವ ಮೀಟರನ್ನು ಹಚ್ಚಿ ನೋಡಿದ. ಪ್ರತಿ ತೂತಿಗೂ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದ. ಮುಳ್ಳು ಮೊದಲು ನಿಂತಲ್ಲೇ ನಿಂತಿತು.

"ಪಿಸ್ಟನ್ ಸುತ್ತ ಇರೋ ರಿಂಗ್ ಸವೆದಿದ್ರೆ ಈ ಚಮಚ ಆಯಿಲ್ ಸಂದು ಮುಚ್ಚಿ ಮುಳ್ಳು ಮೇಲಕ್ಕೆ ಹೋಗ್ಬೇಕಿತ್ತು. ಹೋಗ್ಲಿಲ್ಲ. ನಿಮ್ಮದು ಬರೀ ವಾಲ್ವಿನ ಸೀಲು. ಇಂಜಿನ್ ಬಿಚ್ಚೋದು ಬೇಡ. ಹಳೇ ಇಂಜಿನ್ನು ವಯಸ್ಸಾದವರ ಮೈ ಇದ್ದ ಹಾಗೆ. ಒಂದು ಸಲ ಕುಯ್ದರೆ ಮತ್ತೆ ಮೊದಲಿನ ಹಾಗೆ ಕೂಡಲ್ಲ."

ಇದು ಅವನ ಕ್ರಮ. ಬೆರಳು, ಹೊಗೆ, ಮೀಟರು, ಚಮಚ. ಯಾರ ಗಾಡಿಯಾದರೂ ಸರಿ, ಈ ನಾಲ್ಕೂ ಮುಗಿಯದೆ ಇಂಜಿನ್ನಿಗೆ ಸ್ಪ್ಯಾನರ್ ಇಡುತ್ತಿರಲಿಲ್ಲ. ಕರ್ಚೀಫಿಗಾಗಿ ಮನೆಯಲ್ಲಿ ಬೈಸಿಕೊಂಡೆನಾದರೂ ಆ ದಿನದಿಂದ ಅವನ ಶೆಡ್ಡು ನನ್ನ ಬೆಳಗಿನ ಠಿಕಾಣಿಯಾಯಿತು.

ತಗಡಿನ ಮಾಡು, ನೆಲದಲ್ಲಿ ಒಂದು ಗುಂಡಿ, ಇಂಜಿನ್ ಎತ್ತುವ ಸರಪಳಿ. ಸೈಲೆನ್ಸರುಗಳು ಊದಿ ಊದಿ ಒಂದು ಗೋಡೆ ಆಳೆತ್ತರಕ್ಕೆ ಕರ್ರಗಾಗಿತ್ತು. ಯಾವುದೋ ಗುಜರಿ ವ್ಯಾನಿನಿಂದ ಕಿತ್ತ ಉದ್ದನೆಯ ಸೀಟೇ ಗಿರಾಕಿಗಳಿಗೆ ಸೋಫಾ. ನಾನು ಅದರ ಒಂದು ತುದಿಯಲ್ಲಿ ಪತ್ರಿಕೆ ಓದುತ್ತಿದ್ದೆ. ಶೆಡ್ಡಿಗೆ ಅಂಟಿಕೊಂಡೇ ಮನೆ. ಕಿಟಕಿಯಾಚೆಯಿಂದ ಅವನ ಹೆಂಡತಿಯ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ಆಕೆ ಸೂಜಿ ನಿಲ್ಲಿಸದೆಯೇ ಈಚಿನ ಮಾತಿಗೆಲ್ಲ ಉತ್ತರ ಕೊಡುತ್ತಿದ್ದಳು.

ಅವನ ಅಣ್ಣ ಬಾಡಿಗೆ ಕಾರು ಓಡಿಸುತ್ತಿದ್ದರು. ಬಾಗಿದ ಬೆನ್ನು, ಕಾಲರಿನ ಗುಂಡಿಯವರೆಗೂ ಹಾಕಿದ ಇಸ್ತ್ರಿಯ ಅಂಗಿ, ಬಾಯಿ ತುಂಬ ಮಾತು. ತಂದೆ ತೀರಿಕೊಂಡಾಗ ಓದು ಬಿಟ್ಟು ಲಾರಿಯ ಸ್ಟೇರಿಂಗ್ ಹಿಡಿದವರು. ತಮ್ಮನನ್ನು ವರ್ಕ್‌ಶಾಪಿಗೆ ಸೇರಿಸಿದವರೂ ಅವರೇ, ಈ ಶೆಡ್ಡಿಗೆ ತಗಡು ಹೊದಿಸಿದವರೂ ಅವರೇ. ಐವತ್ತು ದಾಟಿದ ತಮ್ಮ ಅವರಿಗೆ ಇನ್ನೂ 'ಪುಟ್ಟ'. ಗಿರಾಕಿಗಳ ಮುಂದೆ ಹಾಗೆ ಕರೆದಾಗ ಮಸಿಯಣ್ಣ ಮುಖ ಗಂಟಿಕ್ಕಿಕೊಳ್ಳುತ್ತಿದ್ದ.

"ಪುಟ್ಟ, ಬ್ರೇಕ್ ಕೀಚು ಕೀಚು ಅಂತಿದೆ ನೋಡೋ."

"ಆಯ್ತು ಕೂತ್ಕೊ. ನಿನ್ನಷ್ಟು ಮಾತಾಡಲ್ಲ ಬಿಡು ಅದು."

ಅಣ್ಣನ ಕಾರಿಗೆ ತಮ್ಮನಲ್ಲದೆ ಬೇರೆಯವರ ಕೈ ಬಿದ್ದದ್ದೇ ಇಲ್ಲ. ಅಣ್ಣನಿಗೊಂದು ನಿತ್ಯದ ನೇಮವಿತ್ತು. ಬೆಳಿಗ್ಗೆ ಹೊರಡುವ ಮುಂಚೆ ಬಾನೆಟ್ ಎತ್ತಿ, ಆಯಿಲ್ ನೋಡುವ ಕಡ್ಡಿಯನ್ನು ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ನೋಡುವುದು. ಕಡ್ಡಿಯ ಮೇಲೆ ಎರಡು ಗೀರು ಇರುತ್ತವೆ. ಆಯಿಲ್ ಕೆಳಗಿನ ಗೀರಿಗಿಂತ ಇಳಿಯಬಾರದು, ಮೇಲಿನದನ್ನು ದಾಟಬಾರದು. ಇಳಿದಿದ್ದರೆ ಡಿಕ್ಕಿಯಿಂದ ಡಬ್ಬಿ ತೆಗೆದು, ಮಗುವಿಗೆ ಔಷಧ ಕುಡಿಸಿದಷ್ಟು ಜೋಪಾನವಾಗಿ ಹೊಯ್ಯುತ್ತಿದ್ದರು. ಇದನ್ನು ಕಲಿಸಿದವನೂ ತಮ್ಮನೇ.

ಆ ಕಾರಿಗೆ ಒಂದು ಆಸ್ಪತ್ರೆಯ ಕಾಯಂ ಬಾಡಿಗೆಯಿತ್ತು. ರಕ್ತ ಶುದ್ಧಿ ಮಾಡಿಸಿಕೊಳ್ಳಲು ಬರುವ ಮೂತ್ರಪಿಂಡದ ರೋಗಿಗಳನ್ನು ಮನೆಯಿಂದ ಕರೆತಂದು, ಸಂಜೆ ಮನೆ ಮುಟ್ಟಿಸಬೇಕು. ಹಿಂದಿರುಗುವಾಗ ಅವರಿಗೆ ತಲೆಯೆತ್ತುವ ಶಕ್ತಿಯೂ ಇರುವುದಿಲ್ಲವಂತೆ. ಯಾರಿಗೆ ಗಾಳಿ ಬೇಕು, ಯಾರಿಗೆ ದಿಂಬು ಬೇಕು, ಯಾರ ಮನೆಯ ಮೆಟ್ಟಿಲು ಎತ್ತರ, ಎಲ್ಲವೂ ಅಣ್ಣನಿಗೆ ಬಾಯಿಪಾಠ. ಅಣ್ಣನ ಮನೆ ನಡೆಯುತ್ತಿದ್ದದ್ದೇ ಆ ಬಾಡಿಗೆಯಿಂದ. ಆ ವಯಸ್ಸಿನಲ್ಲಿ, ಆ ಹಳೆಯ ಕಾರಿಗೆ, ಇನ್ನೊಂದು ಅಂಥ ಕೆಲಸ ಸಿಗುವುದು ಕನಸಿನ ಮಾತು.

ಹೊಗೆ ಶುರುವಾದದ್ದು ಸೆಕೆಗಾಲದಲ್ಲಿ. ಅಣ್ಣ ಮಾತಿಲ್ಲದೆ ಬಂದು ಸೋಫಾದ ಮೇಲೆ ಕುಳಿತಾಗಲೇ ಏನೋ ಆಗಿದೆಯೆಂದು ನನಗೆ ಅನ್ನಿಸಿತು.

"ಪುಟ್ಟ, ಹೊಗೆ ಪರೀಕ್ಷೆಲಿ ಫೇಲ್ ಅಂದ್ರು ಕಣೋ. ಸಿಗ್ನಲ್ಲಲ್ಲಿ ನಿಂತ್ರೆ ಹೊಗೆ ಒಳಗೇ ಬರುತ್ತೆ. ನಿನ್ನೆ ಒಬ್ಬಮ್ಮ ಕೆಮ್ಮಿ ಕೆಮ್ಮಿ ಸುಸ್ತಾಗಿ ಹೋದ್ರು. ಆಸ್ಪತ್ರೆಯವರು ಗಾಡಿ ಸರಿ ಮಾಡಿಸ್ಕೊಂಡು ಬನ್ನಿ, ಇಲ್ದಿದ್ರೆ ಬೇರೆ ಗಾಡಿ ನೋಡ್ಕೋತೀವಿ ಅಂತ ಮುಖಕ್ಕೇ ಹೇಳಿದ್ರು."

"ಆಯಿಲ್ ಎಷ್ಟು ಕುಡೀತಿದೆ?"

"ಹಾಕ್ತಾನೇ ಇದೀನಿ. ಹಾಕಿದ್ದೆಲ್ಲ ಎಲ್ಲಿಗೆ ಹೋಗುತ್ತೋ ಗೊತ್ತಿಲ್ಲ. ಎರಡು ದಿನ ಬಿಟ್ಟು ನೋಡಿದ್ರೆ ಮತ್ತೆ ಗೀರಿನಿಂದ ಕೆಳಗೆ."

ಮಸಿಯಣ್ಣ ಸೈಲೆನ್ಸರಿಗೆ ಬೆರಳು ಹಾಕಿದ. ಬೆರಳಿಗೆ ಹತ್ತಿದ್ದು ಮಸಿಯಲ್ಲ, ಕರಿಯ ಗಸಿ, ತೊಟ್ಟಿಕ್ಕುವಂತಿತ್ತು. ಪ್ಲಗ್ಗು ಬಿಚ್ಚಿದ, ಅದೂ ಆಯಿಲಿನಲ್ಲಿ ತೊಯ್ದಿತ್ತು. ಸ್ಟಾರ್ಟ್ ಮಾಡಿಸಿದ. ನೀಲಿ ಹೊಗೆ ಎದ್ದು ಶೆಡ್ಡಿನ ತುಂಬ ತುಂಬಿಕೊಂಡಿತು. ನಾನು ಪತ್ರಿಕೆಯಿಂದ ಮೂಗು ಮುಚ್ಚಿಕೊಂಡೆ. ಅವನು ಬಾನೆಟ್ಟಿನ ಮೇಲೆ ಕೈಯೂರಿದ.

"ರಿಂಗ್ ಹೋಗಿದೆ ಅಣ್ಣ. ಎಷ್ಟು ಓಡಿದೆ ಪಾಪ. ಇಂಜಿನ್ ಇಳಿಸ್ಬೇಕು."

ಕಿಟಕಿಯಾಚೆ ಹೊಲಿಗೆ ಯಂತ್ರ ನಿಂತಿತು. "ಮೀಟರ್ ಹಾಕಿ ನೋಡ್ಬಾರ್ದಾ ಒಂದು ಸಲ? ಎಲ್ಲರ ಗಾಡಿಗೂ ಹಾಕ್ತೀರಿ."

"ಎಲ್ಲರ ಗಾಡಿ ನನಗೆ ಗೊತ್ತಿರಲ್ಲ. ಇದರ ಒಂದೊಂದು ನಟ್ಟೂ ನನ್ನ ಕೈಯಲ್ಲಿ ಬಿಗಿಯಾಗಿದ್ದು."

"ಅವನು ಹೇಳಿದ ಮೇಲೆ ಮುಗೀತಮ್ಮ," ಎಂದರು ಅಣ್ಣ. "ಡಾಕ್ಟರು ಮನೆಯವನೇ ಆಗಿದ್ದಾಗ ಎರಡನೇ ಅಭಿಪ್ರಾಯ ಯಾಕೆ?"

ಸರಪಳಿ ಕೆಳಗಿಳಿಯಿತು.

ಇಂಜಿನ್ ಬಿಚ್ಚಿದ ದಿನ ನಾನು ಅಲ್ಲೇ ಇದ್ದೆ. ಭಾಗಗಳೆಲ್ಲ ಸೀಮೆಎಣ್ಣೆಯ ಬಾನಿಯಲ್ಲಿ ಮುಳುಗಿದ್ದವು. ಅವನು ಟಾರ್ಚು ಹಿಡಿದು ಸಿಲಿಂಡರಿನ ಒಳಗೋಡೆಯನ್ನು ನೋಡಿದ. ಉಗುರಿನಿಂದ ಕೆರೆದ. ಒಂದು ರಿಂಗನ್ನು ಬಿಚ್ಚಿ, ಅದೇ ಸಿಲಿಂಡರಿನೊಳಗೆ ಕೂರಿಸಿ, ಅದರ ಬಾಯಿಯ ಸಂದಿಗೆ ತೆಳ್ಳನೆಯ ಉಕ್ಕಿನ ಎಲೆ ತೂರಿಸಿ ಸವೆತ ಅಳೆದ. ಇನ್ನೊಂದು ರಿಂಗನ್ನು ನೋಡಿದ. ಎಲ್ಲವನ್ನೂ ನೋಡಿದ. ಆಮೇಲೆ ಟಾರ್ಚು ಆರಿಸಿ ನನ್ನ ಪಕ್ಕಕ್ಕೆ ಬಂದು ಕುಳಿತ.

"ಮೇಷ್ಟ್ರೇ, ಇದನ್ನ ಬಿಚ್ಚಬಾರದಿತ್ತು."

"ಯಾಕಪ್ಪ?"

"ಒಳಗೆ ಏನೂ ಆಗಿಲ್ಲ. ಗೋಡೆ ಮೇಲೆ ಕಂಪನಿಯವರು ಎಳೆದ ಗೆರೆಗಳು ಇನ್ನೂ ಹಾಗೇ ಇವೆ. ರಿಂಗ್ ಇನ್ನೂ ಬೇಕಾದಷ್ಟು ಓಡ್ತಿತ್ತು."

"ಹಾಗಾದ್ರೆ ಆಯಿಲ್ ಎಲ್ಲಿಂದ ಉರೀತಿತ್ತು?"

ಅವನಿಗೆ ಅದು ತಿಳಿದಿರಲಿಲ್ಲ.

ಅಂದಿನಿಂದ ಶೆಡ್ಡಿನ ಗೆಲುವೇ ಹೋಯಿತು. ವಾಲ್ವುಗಳನ್ನು ನೋಡಿದ, ಸೀಲುಗಳನ್ನು ನೋಡಿದ. ಎಲ್ಲಿಯೂ ತಪ್ಪು ಸಿಗಲಿಲ್ಲ. ಬಿಚ್ಚಿದ ಮೇಲೆ ಇಂಜಿನ್ನಿನ ಸಂದುಗಳಿಗೆ ಹಾಕುವ ಹೊಸ ಗ್ಯಾಸ್ಕೆಟ್ಟುಗಳು ಬೇಕು. ಆ ಮಾದರಿಯ ಕಾರು ತಯಾರಾಗುವುದು ನಿಂತು ಎಷ್ಟೋ ಕಾಲವಾಗಿದೆ. ಗ್ಯಾಸ್ಕೆಟ್ಟು ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಅಂಗಡಿಯವನು ಸತಾಯಿಸಿದ. ಅಣ್ಣ ದಿನವೂ ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದು ಸೋಫಾದ ಇನ್ನೊಂದು ತುದಿಯಲ್ಲಿ ಕೂರುತ್ತಿದ್ದರು. ಮೊದಮೊದಲು ತಮಾಷೆ ಮಾಡಿದರು. "ಮೇಷ್ಟ್ರೇ, ನಿಮ್ಮ ಕ್ಲಾಸಿಗೆ ಹೊಸ ಹುಡುಗ ಸೇರಿದೀನಿ, ಹಾಜರಿ ಹಾಕ್ಕೊಳ್ಳಿ" ಎಂದರು. ಆಮೇಲೆ ತಮಾಷೆಯೂ ಕಡಿಮೆಯಾಯಿತು. ಒಂದು ದಿನ ಆಸ್ಪತ್ರೆಯಿಂದ ಫೋನು ಬಂತು. ಅಣ್ಣ ಎದ್ದು ರಸ್ತೆಗೆ ಹೋಗಿ ಮಾತನಾಡಿದರು. "ಹೂಂ, ಹೂಂ, ಪರವಾಗಿಲ್ಲ ಸರ್, ನಿಮಗೂ ಕೆಲಸ ನಡೀಬೇಕಲ್ಲ" ಎಂದದ್ದಷ್ಟೇ ನಮಗೆ ಕೇಳಿಸಿತು. ಒಳಗೆ ಬಂದವರು, "ಬೇರೆ ಗಾಡಿ ಹಾಕ್ಕೊಂಡ್ರಂತೆ" ಎಂದು ಹೇಳಿ, ಡ್ಯಾಶ್‌ಬೋರ್ಡು ಒರೆಸುವ ಬಟ್ಟೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಮನೆಗೆ ನಡೆದರು. ಮಸಿಯಣ್ಣ ಗುಂಡಿಯೊಳಗಿದ್ದ. ಅವನು ಮೇಲೆ ಬರಲಿಲ್ಲ.

ಕೊನೆಗೆ ಗ್ಯಾಸ್ಕೆಟ್ಟು ಬಂತು. ಹೇಗೂ ಬಿಚ್ಚಿದ್ದಾಗಿದೆಯೆಂದು ಹೊಸ ರಿಂಗುಗಳನ್ನೇ ಹಾಕಿ ಇಂಜಿನ್ ಕೂಡಿಸಿದ. ಕಡೆಯ ಕೆಲಸ ಆಯಿಲ್ ತುಂಬುವುದು. ಬರಿದಾದ ಇಂಜಿನ್ನಾದ್ದರಿಂದ, ಕಂಪನಿ ಹೇಳಿದಷ್ಟನ್ನು ಅಳತೆಯ ಜಗ್ಗಿನಲ್ಲಿ ಅಳೆದು ಹೊಯ್ದ. ಒಂದಿಷ್ಟು ಹೊತ್ತು ಓಡಿಸಿ, ನಿಲ್ಲಿಸಿ, ಆಯಿಲ್ ಕೆಳಗಿಳಿಯುವವರೆಗೆ ಕಾದು, ಕಡ್ಡಿ ಎಳೆದು ನೋಡಿದ. ಒರೆಸಿ ಮತ್ತೆ ಅದ್ದಿದ. ಮತ್ತೊಮ್ಮೆ ಅದ್ದಿದ.

ಆಯಿಲ್ ಕೆಳಗಿನ ಗೀರಿಗೂ ಮುಟ್ಟಿರಲಿಲ್ಲ.

ಅಳೆದು ಹೊಯ್ದ ಆಯಿಲ್ ತಪ್ಪಲು ಸಾಧ್ಯವಿಲ್ಲ. ತಪ್ಪಿದ್ದು ಕಡ್ಡಿ. ಅವನು ಅದನ್ನು ಹಿಡಿದುಕೊಂಡು ನಿಂತೇ ಇದ್ದ. ಏನಾಯಿತೆಂದು ನಾನು ಎರಡು ಸಲ ಕೇಳಿದ ಮೇಲೆ ಹೇಳಿದ.

ಹಿಂದಿನ ವರ್ಷ ಅಣ್ಣನ ಕಾರಿನ ಕಡ್ಡಿ ಮುರಿದಿತ್ತು. ಅಣ್ಣನಿಗೆ ಅಂದು ರೋಗಿಗಳನ್ನು ಕರೆತರುವ ಅವಸರ. ಮಸಿಯಣ್ಣ ಗುಜರಿಯ ರಾಶಿಯಲ್ಲಿ ಹುಡುಕಿ, ಅದೇ ಕಂಪನಿಯ ಇನ್ನೊಂದು ಇಂಜಿನ್ನಿನ ಕಡ್ಡಿಯನ್ನು ತಂದು ಹಾಕಿದ. ಅದು ಬಿಗಿಯಾಗಿ ಕೂತಿತು. ಉದ್ದ ಅಳೆಯಲಿಲ್ಲ. ಅದು ಅರ್ಧ ಬೆರಳಷ್ಟು ಗಿಡ್ಡ. ಗಿಡ್ಡ ಕಡ್ಡಿ ಆಳಕ್ಕೆ ಮುಟ್ಟುವುದಿಲ್ಲ. ಸರಿಯಾಗಿ ಆಯಿಲ್ ಇದ್ದರೂ ಕಡಿಮೆಯೆಂದೇ ತೋರಿಸುತ್ತದೆ. ಅಣ್ಣ ಅದನ್ನು ನಂಬಿ ಗೀರು ಮುಟ್ಟುವವರೆಗೂ ಹೊಯ್ದರು. ಹೆಚ್ಚಾದ ಆಯಿಲನ್ನು ಇಂಜಿನ್ನು ಕಡೆದು ನೊರೆ ಮಾಡಿ, ಗಾಳಿಯಾಡುವ ಕೊಳವೆಯಿಂದ ಮೇಲಕ್ಕೆ ಉಗುಳಿತು. ಉಗುಳಿದ್ದು ಪೆಟ್ರೋಲಿನೊಡನೆ ಸೇರಿ ಉರಿದು ಹೊಗೆಯಾಯಿತು. ಆಯಿಲ್ ಮತ್ತೆ ಗೀರಿನ ಕೆಳಗಿಳಿಯಿತು. ಅಣ್ಣ ಮತ್ತೆ ಹೊಯ್ದರು.

"ಮೀಟರ್ ಹಾಕಿದ್ರೆ ರಿಂಗ್ ಚೆನ್ನಾಗಿದೆ ಅಂತ ಆವತ್ತೇ ಗೊತ್ತಾಗ್ತಿತ್ತು," ಎಂದ. "ಅಲ್ಲಿಂದ ಈ ಕಡ್ಡಿಗೆ ಬರೋದು ಎಷ್ಟು ಹೊತ್ತು? ಆಯಿಲ್ ಇಳಿಸಿ ಅಳೆದಿದ್ರೆ ಸಂಜೆಗೆ ಗಾಡಿ ಕೊಡ್ತಿದ್ದೆ. ಬಿಚ್ಚುವಾಗ್ಲೂ ಅಳೀದೇ ಚೆಲ್ಲಿದೆ. ಆ ಕೆಲಸ ಹೋಗ್ತಿರ್ಲಿಲ್ಲ."

ಹೆಂಡತಿ ಬಾಗಿಲಿಗೆ ಬಂದು ನಿಂತಿದ್ದಳು. ಅವಳನ್ನು ನೋಡದೆಯೇ ಅವನು ಹೇಳಿದ: "ಕಡ್ಡಿ ಬದಲಾಯಿಸಿಬಿಡ್ತೀನಿ. ರಿಂಗ್ ಹಾಕಿದೆ, ಸರಿಹೋಯ್ತು ಅಂದ್ರೆ ಸಾಕು. ಅವನು ನಂಬ್ತಾನೆ. ನಾನು ಏನಂದ್ರೂ ನಂಬ್ತಾನೆ."

"ಅದಕ್ಕೇ ಹೇಳ್ಬೇಕು," ಎಂದಳು ಆಕೆ.

"ಹೇಳಿದ್ರೆ ಹೋದ ಬಾಡಿಗೆ ವಾಪಸ್ ಬರುತ್ತಾ?"

"ಬರಲ್ಲ. ಆದ್ರೆ ಭಾವ ಏನಂದುಕೊಂಡಿದಾರೆ ಗೊತ್ತಾ? ತಾನೇ ಗಾಡಿನ ಸರಿಯಾಗಿ ನೋಡ್ಕೊಳ್ಳಲಿಲ್ಲ, ವಯಸ್ಸಾಯ್ತು, ಕಣ್ಣು ಮಂದ ಆಯ್ತು ಅಂತ ಮನೇಲಿ ಅಕ್ಕನ ಹತ್ರ ದಿನಾ ಹೇಳ್ತಾರಂತೆ. ಅದನ್ನ ಅವರ ತಲೇಲಿ ಹಾಗೇ ಬಿಡ್ತೀರಾ?"

ಅವನು ನನ್ನ ಕಡೆ ನೋಡಿದ. ಮೇಷ್ಟ್ರಾದವರಿಂದ ಜನ ಇಂಥ ಹೊತ್ತಿನಲ್ಲಿ ಏನಾದರೂ ನಿರೀಕ್ಷಿಸುತ್ತಾರೆ. ಆಕೆ ಹೇಳಿದ್ದಕ್ಕೆ ಸೇರಿಸುವಂಥದ್ದು ನನ್ನಲ್ಲಿ ಏನೂ ಇರಲಿಲ್ಲ.

ಮರುದಿನ ಅಣ್ಣ ಬಂದರು. ಸ್ಟಾರ್ಟ್ ಮಾಡಿದರು. ಕೊಳವೆಯೊಳಗೆ ಉಳಿದಿದ್ದ ಹಳೆಯ ಜಿಡ್ಡು ಸ್ವಲ್ಪ ಹೊತ್ತು ಹೊಗೆಯಾಗಿ, ಆಮೇಲೆ ಹೊಗೆ ನಿಂತಿತು. "ಪುಟ್ಟನ ಕೈ ಅಂದ್ರೆ ಕೈ" ಎಂದು ನನ್ನತ್ತ ತಿರುಗಿ ಹೇಳಿದರು. ಮಸಿಯಣ್ಣ ಹೋಗಿ ಚಾವಿ ತಿರುಗಿಸಿ ಇಂಜಿನ್ ನಿಲ್ಲಿಸಿದ. ಗಿಡ್ಡ ಕಡ್ಡಿಯನ್ನೂ, ಗುಜರಿಯಲ್ಲಿ ಹುಡುಕಿ ತಂದ ಸರಿಯಾದ ಕಡ್ಡಿಯನ್ನೂ ಬಾನೆಟ್ಟಿನ ಮೇಲೆ ಒಂದರ ಪಕ್ಕ ಒಂದು ಇಟ್ಟ. ಎಲ್ಲವನ್ನೂ ಹೇಳಿದ. ಏನನ್ನೂ ತೇಲಿಸಿ ಹೇಳಲಿಲ್ಲ.

ಅಣ್ಣ ಗಿಡ್ಡ ಕಡ್ಡಿಯನ್ನು ಕೈಗೆತ್ತಿಕೊಂಡು, ಅಭ್ಯಾಸಬಲದಿಂದ ಜೇಬಿನ ಬಟ್ಟೆಯಲ್ಲಿ ಒರೆಸಿದರು. ಸರಿಯಾದ ಕಡ್ಡಿಯ ಪಕ್ಕಕ್ಕೆ ಹಿಡಿದು ನೋಡಿದರು.

"ಬೇರೆಯವರ ಗಾಡಿ ಆಗಿದ್ರೆ ಆ ಮೀಟರ್ ಹಾಕಿ ನೋಡ್ತಿದ್ದೆ, ಅಲ್ವಾ?"

"ನೋಡ್ತಿದ್ದೆ."

"ನನ್ನದಕ್ಕೆ ಹಾಕ್ಲಿಲ್ಲ."

"ನಿನ್ನದು ನನಗೆ ಗೊತ್ತು ಅಂದ್ಕೊಂಡೆ ಅಣ್ಣ."

"ನಾನೂ ಹಾಗೇ ಅಂದ್ಕೊಂಡೆ," ಎಂದರು ಅವರು. "ಗಾಡಿಗೆ ವಯಸ್ಸಾಯ್ತು, ನನಗೂ ಆಯ್ತು ಅಂದ್ಕೊಂಡೆ. ಆ ಅಮ್ಮ ಕೆಮ್ಮಿದಾಗ ಕ್ಷಮಿಸಿ ತಾಯಿ ಅಂತ ಕೈ ಮುಗಿದೆ ಕಣೋ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಮಸಿಯಣ್ಣ ಆಮೇಲೆ ಎಷ್ಟೋ ಸಲ ನನ್ನಲ್ಲಿ ಹೇಳಿದ್ದಾನೆ. ಅದೇ ದಿನ ಅಣ್ಣತಮ್ಮಂದಿರಿಬ್ಬರೂ ಆಸ್ಪತ್ರೆಗೆ ಹೋದರು. ತಪ್ಪು ಗಾಡಿಯದಲ್ಲ, ಅಣ್ಣನದೂ ಅಲ್ಲ, ತನ್ನದು ಎಂದು ಮಸಿಯಣ್ಣ ಅಲ್ಲಿನ ವ್ಯವಸ್ಥಾಪಕರೆದುರು ನಿಂತು ಹೇಳಿದನಂತೆ. ಅವರು ಸಮಾಧಾನವಾಗಿಯೇ ಕೇಳಿಸಿಕೊಂಡರಂತೆ. ಹೊಸ ಗಾಡಿಯವನ ಜೊತೆ ಮಾತಾಗಿ ಹೋಗಿದೆ, ಬೇಕಾದಾಗ ಕರೆಯುತ್ತೇವೆ ಎಂದರಂತೆ. ಕರೆ ಬರಲಿಲ್ಲ.

ಈಗ ಅಣ್ಣ ಸ್ಟೇಷನ್ನಿನ ಸ್ಟ್ಯಾಂಡಿನಲ್ಲಿ ಸಾಲಿನಲ್ಲಿ ನಿಲ್ಲುತ್ತಾರೆ. ರೈಲು ಬಂದಾಗ ಪ್ರಯಾಣಿಕರು ಹೊಸ ಕಾರುಗಳತ್ತ ಹೋಗುತ್ತಾರೆ. ಕಾರೇನೋ ಹೊಗೆಯುಗುಳುವುದಿಲ್ಲ, ಆದರೆ ಬಿಚ್ಚಿ ಕೂಡಿಸಿದ ಮೇಲೆ ಇಂಜಿನ್ನಿನಲ್ಲಿ ಸಣ್ಣದೊಂದು ಟಿಕ್ ಟಿಕ್ ಸದ್ದು ಸೇರಿಕೊಂಡಿದೆ. ಅದನ್ನು ತೆಗೆಯಲು ಮಸಿಯಣ್ಣನಿಗೆ ಇನ್ನೂ ಆಗಿಲ್ಲ. ಬ್ರೇಕು, ಟಯರು, ದೀಪ ಎಂದು ಅಣ್ಣ ಈಗಲೂ ಶೆಡ್ಡಿಗೆ ಬರುತ್ತಾರೆ, ಪುಟ್ಟ ಎಂದೇ ಕರೆಯುತ್ತಾರೆ, ತಮ್ಮನ ಹೆಂಡತಿ ಕೊಟ್ಟ ಚಹಾ ಕುಡಿಯುತ್ತಾರೆ. ಆಯಿಲ್ ಬದಲಾಯಿಸುವುದನ್ನು ಮಾತ್ರ ಬೇರೆಲ್ಲೋ ಮಾಡಿಸಿಕೊಳ್ಳುತ್ತಾರೆ. ಎಲ್ಲಿ ಎಂದು ತಮ್ಮ ಕೇಳುವುದಿಲ್ಲ, ಅಣ್ಣ ಹೇಳುವುದಿಲ್ಲ.

ಮಸಿಯಣ್ಣ ಈಗ ವಾರಕ್ಕೊಮ್ಮೆ ಮಧ್ಯಾಹ್ನ ಶೆಡ್ಡಿನ ಬಾಗಿಲು ಹಾಕುತ್ತಾನೆ. ಸೋಪಿನ ಪುಡಿ ಹಾಕಿ ಮೊಣಕೈವರೆಗೂ ಉಜ್ಜುತ್ತಾನೆ. ಉಗುರಿನ ಸಂದಿಯದು ಹೋಗುವುದಿಲ್ಲ. ಬಿಳಿಯ ಅಂಗಿ ತೊಟ್ಟು ಬಸ್ಸು ಹತ್ತಿ, ಊರಿನ ಆಸ್ಪತ್ರೆ, ಚಿಕಿತ್ಸಾ ಕೇಂದ್ರಗಳನ್ನೆಲ್ಲ ಸುತ್ತುತ್ತಾನೆ. ರೋಗಿಗಳನ್ನು ಕರೆತರಲು ಕಾರು ಬೇಕೇ, ಬಹಳ ಜೋಪಾನದ ಚಾಲಕರೊಬ್ಬರಿದ್ದಾರೆ ಎಂದು ಕೇಳುತ್ತಾನೆ. ಅಣ್ಣನಿಗೆ ಇದು ಗೊತ್ತಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಡಾಕ್ಟರುಗಳಿಗೆ ನಾನೂ ಫೋನು ಮಾಡಿದ್ದೇನೆ. ನೋಡೋಣ ಸರ್ ಎಂದಿದ್ದಾರೆ.

ಮೊನ್ನೆ ಮಂಡಿ ನೋವಿಗೆಂದು ರೈಲ್ವೆ ಸೇತುವೆಯಾಚೆಯ ಹೊಸ ಆಸ್ಪತ್ರೆಗೆ ಹೋಗಿದ್ದೆ. ರೋಗಿಗಳ ನಡುವೆ ಬೆಂಚಿನ ಮೇಲೆ ಮಸಿಯಣ್ಣ ಕುಳಿತಿದ್ದ. ಕೈಗಳನ್ನು ತೊಡೆಯ ಕೆಳಗೆ ಬಚ್ಚಿಟ್ಟುಕೊಂಡಿದ್ದ. "ವ್ಯವಸ್ಥಾಪಕರು ಊಟಕ್ಕೆ ಹೋಗಿದಾರಂತೆ ಮೇಷ್ಟ್ರೇ, ಈಗ ಬರ್ತಾರಂತೆ" ಎಂದ. ನಾನು ಡಾಕ್ಟರನ್ನು ಕಂಡು, ಮಾತ್ರೆ ಕೊಂಡು ಹೊರಗೆ ಬಂದಾಗಲೂ ಅವನು ಆ ಕೋಣೆಯ ಬಾಗಿಲನ್ನೇ ನೋಡುತ್ತಾ ಅಲ್ಲೇ ಕುಳಿತಿದ್ದ.